ಒರಟುತನದ ಸಮ್ಮೇಳನದಲ್ಲಿ ಕುರ್ಚಿ ಎಳೆದು ಕೂತದ್ದು

ಬಿಬವೇವಾಡಿ

ನನ್ನ ಹೆಂಡತಿ ಒರಟುತನದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ ಎಂದರೆ ನೆಂಟರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ. ನಾನೇನು ಮಾಡಲಿ? ನನ್ನ ಮುಖವೇ ಹಾಗಿದೆ. ಪುಣೆಯ ಬಿಬವೇವಾಡಿಯಲ್ಲಿ ನನ್ನದು ಆಫೀಸು ಕುರ್ಚಿಗಳ ಅಂಗಡಿ. ಗಿರಾಕಿಯೊಬ್ಬ ಬಂದು, ಇದ್ದಬದ್ದ ಕುರ್ಚಿಗಳಲ್ಲೆಲ್ಲ ಕೂತು ಗಿರಗಿರ ತಿರುಗಿ, ಕೊನೆಗೆ ವಿಚಾರ ಮಾಡಿ ಬರುತ್ತೇನೆ ಎಂದು ಎದ್ದರೆ ನಗುತ್ತ ಕಳಿಸಿಕೊಡುವ ಮನುಷ್ಯ ನಾನಲ್ಲ.

"ಊರೆಲ್ಲಾ ಯಾಕ ತಿರಗ್ತಿ ಶೈಲಾ? ಮುಂಜಾನಿಂದ ಸಂಜೀತನ ನನ್ನ ಗಲ್ಲಾದ ಮುಂದ ಕೂಡು. ಪಿಎಚ್‌ಡಿ ತಾನ ಆಗ್ತದ" ಎಂದು ಅವಳನ್ನು ಕಾಡುತ್ತಿದ್ದೆ.

"ನಂದು ಆಫೀಸಿನ ಒರಟುತನದ ಅಭ್ಯಾಸರಿ. ನಿಮ್ಮದು ಹುಟ್ಟಗುಣ. ಅದು ನನ್ನ ವಿಷಯದಾಗ ಬರೂದಿಲ್ಲ" ಎನ್ನುತ್ತಿದ್ದಳು.

ಶೈಲಾ ಪುಣೆಯ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಮ್ಮಿಬ್ಬರ ಮನೆತನಗಳೂ ಬಾಗಲಕೋಟೆ ಕಡೆಯವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವಳ ವಿಷಯ ನನಗೆ ಅರ್ಥವಾದದ್ದು ಇಷ್ಟು: ಮೊದಲೆಲ್ಲ ಈ ವಿದ್ವಾಂಸರು ಆಫೀಸಿನ ದೊಡ್ಡ ಜಗಳಗಳನ್ನಷ್ಟೇ ನೋಡುತ್ತಿದ್ದರಂತೆ. ಬಡಿದಾಟ, ಬೆದರಿಕೆ, ಕಿರುಕುಳ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಣ್ಣು ಸಣ್ಣದರ ಮೇಲೆ ಬಿತ್ತು. ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳದಿರುವುದು, ಮಾತಿನ ನಡುವೆ ಬಾಯಿ ಹಾಕುವುದು, ಎದುರಿಗಿದ್ದವನನ್ನು ಕಂಡೂ ಕಾಣದಂತಿರುವುದು. ಬೇಕೆಂದೇ ಮಾಡಿದನೋ ಸುಮ್ಮನೆ ಆಯಿತೋ ಗೊತ್ತಾಗಬಾರದು. ಅಂಥದ್ದೇ ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂದು ಅವರ ವಾದ. ಅಯ್ಯೋ, ಇದನ್ನು ಕಂಡುಹಿಡಿಯಲು ವಿದ್ವಾಂಸರೇ ಬೇಕಿತ್ತೆ? ನಮ್ಮ ಮನೆಯ ಮದುವೆಗಳಲ್ಲಿ ಬೀಗರು ಮುನಿಸಿಕೊಳ್ಳುವುದು ಇಂಥದ್ದಕ್ಕೇ ತಾನೆ.

ಶೈಲಾ ವಿದೇಶದವರು ಮಾಡಿದ ಪ್ರಶ್ನೆಗಳನ್ನೇ ಹಿಡಿದುಕೊಂಡು ಪುಣೆಯ ಆಫೀಸುಗಳನ್ನು ಸುತ್ತಿದಳು. ಅಲ್ಲೇ ಎಡವಟ್ಟಾಯಿತು. "ನೀವು ಮಾತಾಡುವಾಗ ಯಾರಾದರೂ ನಡುವೆ ಬಂದು ತಡೆದು ನಿಮಗೆ ಅವಮಾನವಾಗಿದೆಯೇ?" ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: ಇಲ್ಲವೇ ಇಲ್ಲ. ಅವಳ ಗೈಡ್ ತಲೆಯಾಡಿಸಿಬಿಟ್ಟರು. "ಪುಣೆಯ ಆಫೀಸಿನಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಜನ ಸುಳ್ಳು ಹೇಳಿದ್ದಾರೆ. ಆ ಅಧ್ಯಾಯ ತೆಗೆದುಹಾಕಿ, ಮತ್ತೆ ಹೊಸದಾಗಿ ಕೇಳಿ ಬನ್ನಿ" ಎಂದರು. ಹೊಸದಾಗಿ ಕೇಳಲು ಸಮಯ ಎಲ್ಲಿತ್ತು? ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವು ಅದು. ತಪ್ಪಿದರೆ ಇಷ್ಟು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ. ಅವತ್ತು ಅವಳನ್ನು ಸ್ಕೂಟರಿನಲ್ಲಿ ಕರೆತರಲು ಹೋದವನು ನಾನೇ. ಗೈಡ್ ಕೋಣೆಯ ಅರೆತೆರೆದ ಬಾಗಿಲಲ್ಲಿ ಅವಳು ಚೀಲ ಎದೆಗವಚಿಕೊಂಡು ನಿಂತಿದ್ದಳು. 

ಹಾಲೆಂಡಿನಲ್ಲಿ ಈ ವಿಷಯದ ಒಂದು ಸಮ್ಮೇಳನವಿತ್ತು. ಅದನ್ನು ನಡೆಸುವ ಪ್ರೊಫೆಸರ್ ಒಬ್ಬ ಹೆಂಗಸು, ನಮ್ಮ ಪುಣೆಯ ಮಾತಿನಲ್ಲಿ ಬಾಯಿ; ಹೆಸರು ಎಲ್ಸ್. ಶೈಲಾ ಬರೆದ ಇ-ಮೇಲಿಗೆ ಆಕೆ, ಬನ್ನಿ, ನಿಮ್ಮ ಅಧ್ಯಾಯ ನೋಡುತ್ತೇನೆ ಎಂದು ಉತ್ತರ ಬರೆದಿದ್ದರು. ಗೈಡ್ ಕೂಡ ಒಪ್ಪಿದರು: ಆ ಬಾಯಿ ಇದು ನಡೆಯುತ್ತದೆ ಎಂದು ಬರೆದುಕೊಟ್ಟರೆ ನಾನು ಸಹಿ ಮಾಡುತ್ತೇನೆ, ಇಲ್ಲದಿದ್ದರೆ ಇಲ್ಲ. ಶೈಲಾ ಒಬ್ಬಳೇ ಹೋಗುತ್ತೇನೆ ಎಂದಳು. ವಾಕಡ, ಹಿಂಜವಡಿಯ ಹೊಸ ಕಂಪನಿಗಳಿಗೆಲ್ಲ ಕುರ್ಚಿ ಹೊತ್ತುಹಾಕಿ ನನಗೂ ಸುಸ್ತಾಗಿತ್ತು. ಒರಟುತನದ ಸಮ್ಮೇಳನ ಹೇಗಿರುತ್ತದೆ ನೋಡಿಯೇಬಿಡೋಣ ಎಂದು ನಾನೂ ಬಾಲದಂತೆ ಹೊರಟೆ. ನಮ್ಮವ್ವ ಆ ಬಾಯಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿಕೊಟ್ಟಳು.

ಮಾತಾಡಬಾರದ ಡಬ್ಬಿ

ವಿಮಾನ ಇಳಿದು ರೈಲು ಹತ್ತಿದೆವು. ಎಷ್ಟು ಚೊಕ್ಕ, ಎಷ್ಟು ಖಾಲಿ! ನನಗೆ ಖುಷಿಯಾಗಿ ಮಾತು ಶುರುವಾಯಿತು. ಹೊರಗೆ ಕಂಡ ಆಕಳಿನ ಬಗ್ಗೆ, ಗಾಳಿಯಂತ್ರದ ಬಗ್ಗೆ, ಇಂದಾಪುರಕ್ಕೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಎಷ್ಟು ಮಂದಿ ಪರಿಚಯವಾಗಿರುತ್ತಿದ್ದರು ಎಂಬುದರ ಬಗ್ಗೆ. ಎದುರಿಗಿದ್ದ ಎತ್ತರದ ಮನುಷ್ಯ ಪೇಪರು ಕೆಳಗಿಳಿಸಿ, ಕಿಟಕಿಯ ಗಾಜಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸಿ, ಮತ್ತೆ ಪೇಪರು ಎತ್ತಿಕೊಂಡ. ಅಷ್ಟೇ. ಒಂದು ನಗೆ ಇಲ್ಲ, ದಯವಿಟ್ಟು ಎಂಬ ಮಾತಿಲ್ಲ. ರೈಲಿನ ಆ ಡಬ್ಬಿಯಲ್ಲಿ ಮಾತಾಡುವ ಹಾಗಿಲ್ಲವಂತೆ. ಹಾಗೆಂದು ಬರೆದದ್ದು ಅವರ ಭಾಷೆಯಲ್ಲಿ.

ನನಗೆ ಮೈಯೆಲ್ಲ ಉರಿಯಿತು. "ನೋಡ್ದ್ಯಾ ಇವನ ಸೊಕ್ಕು? ಬಾಯಿಲೆ ಹೇಳಾಕ ಬರೂದಿಲ್ಲೇನು?" ಎಂದು ಪಿಸುಗುಟ್ಟಿದೆ.

"ಬಾಯಿಲೆ ಹೇಳಿದ್ರ ಅವನೂ ಮಾತಾಡ್ದಂಗ ಆಗ್ತಿತ್ತಲ್ರಿ" ಎಂದು ಅವಳೂ ಪಿಸುಗುಟ್ಟಿದಳು. "ಬೇಕಂತ ಮಾಡಿದ್ನೋ ಇಲ್ಲೋ ಗೊತ್ತಾಗೂದಿಲ್ಲ ನೋಡ್ರಿ. ಇದ ನನ್ನ ವಿಷಯ."

ಅವಳಿಗೆ ವಿಷಯ. ನನಗೆ ಮಾತ್ರ ಇಳಿಯುವ ತನಕ ಬಾಯಿ ಕಟ್ಟಿದ ಶಿಕ್ಷೆ.

ಪರದೆ ಇಲ್ಲದ ಮನೆಗಳು

ನಾವು ಇಳಿದುಕೊಳ್ಳಬೇಕಿದ್ದ ಮನೆ ಒಬ್ಬ ಮುದುಕಿಯದು. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಗಂಟೆ ಬಾರಿಸಿದೆವು. ಬಾಗಿಲು ತೆರೆದಳು, ಕೈಕುಲುಕಿದಳು. "ನೀವು ಬೇಗ ಬಂದಿದ್ದೀರಿ. ಎರಡು ಗಂಟೆಗೆ ಎಂದು ಹೇಳಿದ್ದೆ" ಎಂದು ಬಾಗಿಲು ಹಾಕಿಕೊಂಡಳು! ಸೂಟ್‌ಕೇಸುಗಳ ಸಮೇತ ನಾವು ಬೀದಿಯಲ್ಲಿ. ಜಿನುಗು ಮಳೆ ಬೇರೆ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು, ಆಮೇಲೆ ತಡೆಯಲಾರದಷ್ಟು ನಗು. ಮಧ್ಯಾಹ್ನದ ನಿದ್ದೆಗೆ ಶಟರ್ ಎಳೆದುಕೊಳ್ಳುವ ನಮ್ಮ ಪುಣೆಯ ಅಂಗಡಿಕಾರರ ಬೀಗರು ಇಲ್ಲಿದ್ದಾರಲ್ಲ! ಸರಿಯಾಗಿ ಎರಡಕ್ಕೆ ಬಾಗಿಲು ತೆರೆಯಿತು. ಅದೇ ಮುದುಕಿ ಈಗ ಬಿಸಿ ಬಟಾಣಿ ಸೂಪು ಕಾಯಿಸಿಟ್ಟಿದ್ದಳು. ಒದ್ದೆಯಾದ ನನ್ನ ಬೂಟುಗಳನ್ನು ತಾನೇ ಎತ್ತಿ ಒಲೆಯ ಬಳಿ ಇಟ್ಟಳು. ಕಾಫಿಯ ಜೊತೆ ಬಿಸ್ಕೀಟಿನ ಡಬ್ಬಿ ತೆರೆದು ಒಂದೊಂದು ಕೊಟ್ಟು, ಟಪ್ಪೆಂದು ಮುಚ್ಚಳ ಹಾಕಿದಳು. ನಮ್ಮವ್ವ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಸಂಜೆ ಬೀದಿಯಲ್ಲಿ ತಿರುಗಾಡುವಾಗ ಒಂದು ವಿಚಿತ್ರ ಕಂಡೆ. ಮನೆಮನೆಗೂ ಗೋಡೆಯಷ್ಟು ದೊಡ್ಡ ಕಿಟಕಿಗಳು, ಒಂದಕ್ಕೂ ಪರದೆಯಿಲ್ಲ. ಒಬ್ಬ ಊಟ ಮಾಡುತ್ತಿದ್ದಾನೆ, ಒಬ್ಬಳು ಟಿವಿ ನೋಡುತ್ತಿದ್ದಾಳೆ, ಒಬ್ಬ ಮಗುವಿನ ತಲೆ ಬಾಚುತ್ತಿದ್ದಾನೆ. ಬೀದಿಗೆಲ್ಲ ಕಾಣುತ್ತದೆ. ನಮ್ಮಲ್ಲಿ ಮನೆ ಕಟ್ಟಿದ ಮೊದಲ ದಿನವೇ ಕಿಟಕಿಗೆ ಪರದೆ ಬರುತ್ತದೆ. "ಇವರಿಗೆ ಮುಚ್ಚಿಡೂದು ಅನ್ನೂದ ಇಲ್ಲ ನೋಡು" ಎಂದೆ ಶೈಲಾಳಿಗೆ. ಎಷ್ಟು ತಪ್ಪು ತಿಳಿದಿದ್ದೆ ಎಂಬುದು ಎರಡೇ ದಿನದಲ್ಲಿ ಗೊತ್ತಾಯಿತು.

ಸಮ್ಮೇಳನ

ಜಗತ್ತಿನ ಒರಟುತನವನ್ನೆಲ್ಲ ಅಭ್ಯಾಸ ಮಾಡಿದವರು ಒಂದು ಕಡೆ ಸೇರಿದರೆ ಹೇಗಿರುತ್ತಾರೆ? ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಮೆದು. ಬಾಗಿಲಲ್ಲಿ ಇಬ್ಬರು ಎದುರಾದರೆ ನೀವು ಮೊದಲು, ಇಲ್ಲ ನೀವು ಮೊದಲು ಎಂದು ಹೊರಗೇ ಉಳಿದುಬಿಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು ನಾನು ಎಲ್ಲ ಕೇಳಿದೆ. ಅರ್ಧ ತಿಳಿಯಿತು, ಅರ್ಧ ತಲೆಯ ಮೇಲಿಂದ ಹೋಯಿತು. ತಿಳಿದಷ್ಟು ಮಜವಾಗಿತ್ತು.

ಒಬ್ಬರು ಹೇಳಿದರು: ಅವಮಾನ ಆದವನನ್ನಷ್ಟೇ ಕೇಳುವುದು ಹಳೆಯದಾಯಿತು, ಪಕ್ಕದ ಟೇಬಲ್ಲಿನಲ್ಲಿ ಕೂತು ಅದನ್ನು ನೋಡಿದವನನ್ನೂ ಈಗ ಕೇಳಬೇಕು, ಅವನ ಕೆಲಸವೂ ಕೆಡುತ್ತದೆ. ಇನ್ನೊಬ್ಬರು, ಈ ಸಣ್ಣ ಒರಟುತನ ಕೊಟ್ಟು ತೆಗೆದುಕೊಳ್ಳುತ್ತ ದೊಡ್ಡದಾಗುವ ಬಗೆಯನ್ನು ಚಿತ್ರ ಬರೆದು ತೋರಿಸಿದರು. ಮತ್ತೊಬ್ಬರು ಇ-ಮೇಲಿನ ಒರಟುತನದ ಹಿಂದೆ ಬಿದ್ದಿದ್ದರು. ಅದರಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ, ಸುಮ್ಮನೆ ಬರೆದದ್ದೂ ಬೈದಂತೆ ಕಾಣುತ್ತದಂತೆ. ಹೊಸದಾಗಿ ಎದ್ದ ಒಂದು ಪ್ರಶ್ನೆ ಎಂದರೆ, ಈ ಪ್ರಶ್ನೆಗಳೆಲ್ಲ ಬಹಳಮಟ್ಟಿಗೆ ಅಮೆರಿಕದ ಆಫೀಸುಗಳನ್ನು ನೋಡಿ ಮಾಡಿದವು, ಬೇರೆ ದೇಶಕ್ಕೆ ಹೊಂದುತ್ತವೆಯೇ ಎಂಬುದು. ಅದನ್ನು ಕೇಳುವಾಗ ಶೈಲಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಚಹಾದ ಹೊತ್ತಿನಲ್ಲಿ ಒಬ್ಬಾತ ನನ್ನನ್ನೂ ವಿದ್ವಾಂಸನೆಂದು ತಿಳಿದು, ನಿಮ್ಮ ಕ್ಷೇತ್ರ ಯಾವುದು ಎಂದ. ಕುರ್ಚಿ ಎಂದೆ. ಆತ ಗಂಭೀರವಾಗಿ ತಲೆಯಾಡಿಸಿದ.

ಎಲ್ಸ್ ಬಾಯಿಯನ್ನೂ ಅವತ್ತೇ ದೂರದಿಂದ ನೋಡಿದೆ. ಕತ್ತರಿಸಿದ ಬಿಳಿ ಕೂದಲು, ಸೈಕಲ್ಲಿನ ಮೇಲೆ ಬಂದವರು, ಕೊರಳಿಗೆ ಹಸಿರು ಸ್ಕಾರ್ಫು. ಹುಡುಗ ಹುಡುಗಿಯರೆಲ್ಲ "ಎಲ್ಸ್, ಎಲ್ಸ್" ಎಂದು ಹೆಸರು ಹಿಡಿದೇ ಕರೆಯುತ್ತಿದ್ದರು. ಶೈಲಾ ತನ್ನ ಗೈಡನ್ನು ಹೆಸರು ಹಿಡಿದು ಕರೆದರೆ ಏನಾದೀತು ಎಂದು ನೆನೆದು ನನಗೆ ಒಳಗೊಳಗೇ ನಗು ಬಂತು. ಎಲ್ಸ್ ಡೈರಿ ತೆಗೆದು, ನಾಳೆ ಹನ್ನೊಂದಕ್ಕೆ ನನ್ನ ಕೋಣೆಗೆ ಬನ್ನಿ, ಇಪ್ಪತ್ತು ನಿಮಿಷ ಮಾತಾಡೋಣ ಎಂದರು ಶೈಲಾಳಿಗೆ.

ಎಲ್ಸ್ ಅವರ ಕೋಣೆ

ಮರುದಿನ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಶೈಲಾ ಪುಣೆಯಿಂದ ತಂದ ಸಿಡಿ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಅವಳು ಗಾಬರಿಯಾಗಿ ಒಬ್ಬ ತಂತ್ರಜ್ಞನನ್ನು ಹಿಡಿದುಕೊಂಡು ಕೂತಳು. "ರೀ, ಮೇಡಮ್ಮಿಗೆ ಐದು ನಿಮಿಷ ತಡಾ ಆಗ್ತದಂತ ಹೇಳಿ ಬರ್ರಿ. ಬಾಕಿ ಏನೂ ಮಾತಾಡಬ್ಯಾಡ್ರಿ" ಎಂದಳು. ಹೋಗುತ್ತಿದ್ದೇನಲ್ಲ, ಹೋಳಿಗೆಯನ್ನೂ ಕೊಟ್ಟುಬಿಡೋಣ ಎಂದು ಡಬ್ಬಿ ಹಿಡಿದುಕೊಂಡು ಹೊರಟೆ.

ಬಾಗಿಲು ಸ್ವಲ್ಪ ತೆರೆದಿತ್ತು. ಬೆರಳಿನಿಂದ ತಟ್ಟಿ ಒಳಗೆ ಹೋದೆ. ಎಲ್ಸ್ ಎದುರು ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಇಬ್ಬರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಯಾರಾದರೂ ಸಾಹೇಬರ ಜೊತೆ ಮಾತಾಡುತ್ತಿದ್ದರೆ ಏನು ಮಾಡಬೇಕು? ಗದ್ದಲ ಮಾಡದೆ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಮಾತು ಮುಗಿಯುವ ತನಕ ಕಾಯಬೇಕು. ಪುಣೆಯಲ್ಲಿ ಬ್ಯಾಂಕಿಗೆ ಹೋಗಿ, ಪಾಲಿಕೆಗೆ ಹೋಗಿ, ಇದು ಮರ್ಯಾದೆಯ ನಡೆ. ಆದರೆ ಇಲ್ಲಿ ಮೇಜಿನ ಮುಂದೆ ಒಂದೇ ಕುರ್ಚಿ. ಅಯ್ಯೋ ಪಾಪ, ಸಾಮಾನು ಕಡಿಮೆ ಇದೆ ಎಂದುಕೊಂಡೆ. ಮೂಲೆಯಲ್ಲಿ ಇನ್ನೊಂದು ಕುರ್ಚಿಯ ಮೇಲೆ ಪುಸ್ತಕಗಳಿದ್ದವು. ಪುಸ್ತಕಗಳನ್ನು ನೆಲಕ್ಕಿಟ್ಟೆ, ಕುರ್ಚಿ ಎಳೆದುಕೊಂಡೆ, ಆ ಹೆಂಗಸಿನ ಪಕ್ಕಕ್ಕೆ ಹಾಕಿ ಕೂತೆ.

"ನಿಮ್ಮದು ನಡೆಯಲಿ. ನಾನು ಕಾಯುತ್ತೇನೆ" ಎಂದೆ ಇಂಗ್ಲಿಷಿನಲ್ಲಿ, ಆದಷ್ಟು ವಿನಯದಿಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನಿಂದಾಗಿ ಸಂಕೋಚಪಡುತ್ತಿದ್ದಾರೆ ಎನಿಸಿತು. ಸಂಕೋಚ ಕಳೆಯಲೆಂದು ಡಬ್ಬಿಯ ಮುಚ್ಚಳ ತೆಗೆದು ಆ ಹೆಂಗಸಿನ ಮುಂದೆ ಹಿಡಿದೆ. ಆಗ ನೋಡಿದೆ, ಅವಳ ಕಣ್ಣುಗಳು ಕೆಂಪಾಗಿದ್ದವು. ಕೈಯಲ್ಲಿ ಮುದ್ದೆಯಾದ ಕಾಗದದ ಕರವಸ್ತ್ರ.

"ಇದು ಖಾಸಗಿ ಮಾತು. ನೀವು ಈಗ ಹೊರಗೆ ಹೋಗಬೇಕು" ಎಂದರು ಎಲ್ಸ್. ದನಿ ಏರಿಸಲಿಲ್ಲ. ಅದೇ ಇನ್ನೂ ಕೆಟ್ಟದಾಗಿತ್ತು.

ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ. ತಡವಾಗುತ್ತದೆ ಎಂದು ಹೇಳುವುದು ಹಾಗೇ ಉಳಿಯಿತು. ಶೈಲಾ ಓಡುತ್ತ ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಅದು ತೆರೆದಾಗ ಅವಳ ಇಪ್ಪತ್ತು ನಿಮಿಷ ಮುಗಿದುಹೋಗಿತ್ತು. ಎಲ್ಸ್ ಗಡಿಯಾರ ನೋಡಿ, "ನನಗೆ ಬೇರೆ ಸಭೆಯಿದೆ. ನಾಳೆ ನಿಮ್ಮ ಪ್ರಬಂಧ ಕೇಳುತ್ತೇನೆ, ಅಷ್ಟೇ ಸಾಧ್ಯ" ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, "ನಿಮ್ಮ ಗಂಡ ಬಂದು ಕೂತುಬಿಟ್ಟರು" ಎಂದರು, ತಮಗೇ ನಂಬಿಕೆ ಬಾರದವರಂತೆ.

ಕಾಲುವೆಯ ದಂಡೆ

ಶೈಲಾ ಕೂಗಾಡಿದ್ದರೆ ಚೆನ್ನಾಗಿತ್ತು. ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂತು ಸುಮ್ಮನೆ ನೀರು ನೋಡುತ್ತಿದ್ದಳು. ಬಾತುಕೋಳಿಗಳು ಬಂದು ಹೋಗುತ್ತಿದ್ದವು.  ಗೈಡಿನ ಸಹಿ, ಕೊನೆಯ ಗಡುವು, ಎಲ್ಲಕ್ಕೂ ನಾನೇ ಎಳ್ಳುನೀರು ಬಿಟ್ಟುಬಂದಿದ್ದೆ.

"ನಿಮಗ ಯಾರು ಕೂಡ್ರಿ ಅಂದ್ರು?" ಎಂದಳು ಕೊನೆಗೆ.

"ಯಾರರೆ ಅನ್ನಬೇಕೇನು? ಮಾತಾಡವ್ರಿಗೆ ತ್ರಾಸ ಆಗಬಾರದಂತ ಕೂತೆ. ಬಾಗಲದಾಗ ಭೂತದಂಗ ನಿಂತಿದ್ರ ಚಂದ ಇರ್ತಿತ್ತೇನು?"

"ಆಕಿ ಅಳಾಕತ್ತಿದ್ಲುರಿ!"

"ಅಳೂದು ನಮ್ಮ ಕಡೆ ಇಲ್ಲೇನು? ಬ್ಯಾಂಕಿನ ಸಾಹೇಬ್ರ ಮುಂದ ಅಳವ್ರನ್ನ ನಾ ಎಷ್ಟ ಮಂದೀನ ನೋಡೀನಿ. ಬಾಜೂಕ ಕೂತವ್ರು ನೀರು ಕೊಡ್ತಾರ, ಸಮಾಧಾನ ಹೇಳ್ತಾರ, ಮತ್ತ ತಮ್ಮ ಕೆಲಸ ಮುಂದಿಡ್ತಾರ. ಒಬ್ಬ ಸಾಹೇಬನ ಮುಂದ ಮೂರು ಕುರ್ಚಿ ಇರೂದು ಮತ್ಯಾಕ?"

ಶೈಲಾ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ಹುಬ್ಬು ಗಂಟಿಕ್ಕಿಕೊಂಡಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳಂತೆ ಹೇಳಿದಳು: "ಪುಣೆದಾಗ ನಾನೂ ಪ್ರಶ್ನಾ ಕೇಳಿದ್ದು ಅಂಥಾ ಕುರ್ಚಿ ಮ್ಯಾಲೇ ಕೂತುರಿ. ಸಾಹೇಬರು ಎದುರಿಗೆ. ಬಾಜೂಕ ಮತ್ತಿಬ್ಬರು. ಕ್ಲಾರ್ಕನ್ನ ಅಲ್ಲೇ ಕರಿಸಿ, ಈ ಬಾಯಿಗೆ ಉತ್ತರಾ ಕೊಡು ಅಂತಿದ್ರು. ನಡುವ ಫೋನು, ನಡುವ ಸಹಿ, ನಡುವ ಚಹಾ. ಅಂವ ಮಾತಾಡೂದ್ರಾಗ ಹತ್ತು ಸಲ ತಡದ್ರು. ನಡುವ ಯಾರರೆ ತಡೀತಾರೇನಪಾ ಅಂತ ನಾ ಕೇಳ್ತೀನಿ, ಇಲ್ರಿ ಬಾಯಿ ಅಂತಾನ ಅಂವ. ನನಗೂ ಅದು ಕಾಣಲಿಲ್ಲ, ಅವನಿಗೂ ಕಾಣಲಿಲ್ಲ."

"ಮತ್ತ ಅಂವ ಸುಳ್ಳು ಹೇಳಿಲ್ಲಲ್ಲ! ನಿನ್ನ ಗೈಡಗ ಇದನ್ನ ಹೇಳು" ಎಂದು ನಾನು ಕುಣಿದೆ.

"ತಡೀರಿ. ಸಾಹೇಬರ ಮುಂದ ಕೇಳಿದ್ರ ಹೌದು ಅಂತ ಹೆಂಗ ಅಂತಾನ? ಅವನಿಗೆ ಬ್ಯಾಸರ ಆಗ್ತಿರಲಿಲ್ಲೋ, ಹೇಳಾಕ ಜಾಗಾ ಇರಲಿಲ್ಲೋ? ಆ ಹೆಂಗಸಿಗೆ ಒಂದು ಕುರ್ಚಿ, ಮುಚ್ಚಿದ ಬಾಗಲ ಅದ. ನಮ್ಮ ಮಂದಿಗೆ ಏನದ?"

ಮನೆಗೆ ಪರದೆಯಿಲ್ಲದ ಈ ಜನ ಆಫೀಸಿನ ಮಾತಿಗೆ ಬಾಗಿಲು ಹಾಕುತ್ತಾರೆ. ಮನೆಗೆ ಪರದೆ ಹಾಕುವ ನಾವು ಆಫೀಸಿನಲ್ಲಿ ಎಲ್ಲವನ್ನೂ ನಾಲ್ಕು ಮಂದಿಯ ಮುಂದೆ ಮಾತಾಡುತ್ತೇವೆ. ನಾನು ಇಷ್ಟು ಹೇಳುವಷ್ಟರಲ್ಲಿ ಅವಳು ಎದ್ದು ಹೊರಟಾಗಿತ್ತು. ಅವತ್ತು ಸಂಜೆಯೆಲ್ಲ ಮುದುಕಿಯ ಅಡುಗೆಮನೆಯ ಮೇಜಿನ ಮುಂದೆ ಕೂತು, ಬರೆದು ತಂದ ಪ್ರಬಂಧದ ಅರ್ಧಭಾಗ ಹೊಡೆದುಹಾಕಿದಳು. ನನಗೆ ಭಯವಾಯಿತು. ತನ್ನ ಅಧ್ಯಾಯವನ್ನು ತಾನೇ ಕೆಡವುತ್ತಿದ್ದಾಳೆ ಎನಿಸಿತು.

ಶೈಲಾಳ ಸರದಿ

ಎಲ್ಸ್ ಮೊದಲ ಸಾಲಿನಲ್ಲಿ ಕೂತಿದ್ದರು. ಕಣ್ಣು ಕೆಂಪಾಗಿದ್ದ ಆ ಹೆಂಗಸು ಕೂಡ ನನ್ನ ಸಾಲಿನಲ್ಲೇ, ಎರಡು ಕುರ್ಚಿ ಬಿಟ್ಟು ಕೂತಿದ್ದಳು. ನಾನು ಗೋಡೆಯೊಳಗೆ ಹೊಕ್ಕುಬಿಡುವಷ್ಟು ಸಣ್ಣಗಾದೆ.

ಶೈಲಾ ಶುರು ಮಾಡಿದ್ದೇ ನನ್ನಿಂದ. "ನಿನ್ನೆ ನನ್ನ ಗಂಡ ಇಲ್ಲಿ ಒಂದು ಒರಟು ಕೆಲಸ ಮಾಡಿದರು. ಅವರ ಊರಿನಲ್ಲಿ ಅದಕ್ಕೆ ಸಭ್ಯತೆ ಎನ್ನುತ್ತಾರೆ" ಎಂದಳು. ಜನ ನಕ್ಕರು. ತಲೆಗಳು ನನ್ನತ್ತ ತಿರುಗಿದವು. ನಾನೇನು ಮಾಡಲಿ, ಕೈಮುಗಿದೆ. ಮತ್ತಷ್ಟು ನಕ್ಕರು. ಮೂರು ಕುರ್ಚಿಗಳ ಕೋಣೆ ಹೇಗಿರುತ್ತದೆ ಎಂದು ಅವಳು ವಿವರಿಸುವಾಗ ಮಾತ್ರ ಯಾರೂ ನಗಲಿಲ್ಲ, ಬರೆದುಕೊಳ್ಳತೊಡಗಿದರು.

ಮಾತು ಮುಗಿದ ಕೂಡಲೇ ಎಲ್ಸ್ ಕೈ ಎತ್ತಿದರು. "ನಿಮ್ಮ ಜನರಿಗೆ ನಡುವೆ ತಡೆದರೆ ನೋವಾಗುವುದಿಲ್ಲವೋ, ಅಥವಾ ನೋವಾಗಿದೆ ಎಂದು ಹೇಳುವ ಧೈರ್ಯವಿರಲಿಲ್ಲವೋ?"

ಅದೇ ಪ್ರಶ್ನೆ.  ಏನಾದರೂ ಚೆಂದದ ಉತ್ತರ ಕೊಡು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನನಗೆ ಗೊತ್ತಿಲ್ಲ" ಎಂದಳು ಶೈಲಾ.

 ಅವಳು ನೀರು ಕುಡಿದು ಮುಂದುವರಿಸಿದಳು: "ಕೋಣೆಯೊಳಗೆ ಅವರು ಇಲ್ಲ ಎಂದರು. ಆದರೆ ಹೊರಗೆ, ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಅವರೇ ಬೇರೊಂದು ಹೇಳುತ್ತಿದ್ದರು. ನಾನು ಅದನ್ನು ಹರಟೆ ಎಂದು ಬಿಟ್ಟೆ, ಏಕೆಂದರೆ ನನ್ನ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಅವರು ಹೇಳುತ್ತಿದ್ದುದು ತಡೆದ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ. ಎಲ್ಲರಿಗೂ ಕೂತುಕೋ ಎಂದು, ಒಬ್ಬನನ್ನು ಮಾತ್ರ ನಿಲ್ಲಿಸಿಯೇ ಮಾತಾಡಿ ಕಳಿಸುವುದು. ಯಾರೂ ಬೈಯುವುದಿಲ್ಲ. ಖಾಲಿ ಕುರ್ಚಿ ಪಕ್ಕದಲ್ಲೇ ಇರುತ್ತದೆ. ಕೂತುಕೋ ಎನ್ನುವುದಿಲ್ಲ, ಅಷ್ಟೇ. ಬೇಕೆಂದೇ ಹಾಗೆ ಮಾಡಿದರೋ ಮರೆತರೋ ತಿಳಿಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ನನಗೆ ಗೊತ್ತು. ವರ್ಷಗಟ್ಟಲೆ ಅವಳು ತನ್ನ ಗೈಡಿನ ಕೋಣೆಯಲ್ಲಿ ನಿಂತೇ ಇದ್ದಾಳೆ. ಪಕ್ಕದ ಕುರ್ಚಿಯ ಮೇಲೆ ಫೈಲುಗಳು ಕೂತಿರುತ್ತವೆ. ಚಹಾ ಕೂತವರಿಗಷ್ಟೇ ಬರುತ್ತದೆ."

ಯಾವ ವಿದ್ಯಾರ್ಥಿನಿ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ, ಚೀಲ ಎದೆಗವಚಿಕೊಂಡು ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಕಣ್ಣಮುಂದೆ ಬಂದಳು. ಊರಿಗೆಲ್ಲ ಕುರ್ಚಿ ಮಾರುವವನ ಹೆಂಡತಿ! ನನಗೆ ಒಂದು ದಿನವೂ ಹೇಳಲಿಲ್ಲವಲ್ಲ. ಸಿಟ್ಟು, ಸಂಕಟ, ಅಭಿಮಾನ ಎಲ್ಲ ಒಟ್ಟಿಗೆ ಬಂದು ಕಣ್ಣು ತುಂಬಿದವು. ಎರಡು ಕುರ್ಚಿಗಳಾಚೆಯಿಂದ ಒಂದು ಕಾಗದದ ಕರವಸ್ತ್ರ ನನ್ನತ್ತ ಬಂತು. ಅದೇ ಹೆಂಗಸು.

ಹೊರಗೆ ಬಂದ ಮೇಲೆ ಅವಳ ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. "ಎಲ್ಸ್ ಬಳಿ ಆ ಮಾತು ಹೇಳಲು ನಾನು ಬಹಳ ದಿನಗಳಿಂದ ಧೈರ್ಯ ಕೂಡಿಸಿಕೊಂಡಿದ್ದೆ. ನೀವು ಬಂದಿರಿ. ಆಮೇಲೆ ಅತ್ತೆನೇ ಹೊರತು ಮಾತು ಹೊರಡಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಹೋಗಿ ಹೇಳಿದೆ. ಎರಡನೇ ಸಲ ಇನ್ನೂ ಕಷ್ಟವಾಯಿತು" ಎಂದಳು. ಅಲ್ಲಿನ ಜನ ಹೀಗೆಯೇ, ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ಹೋಳಿಗೆಯ ಡಬ್ಬಿ ಮುಂದೆ ಹಿಡಿದೆ. ಈ ಸಲ ತೆಗೆದುಕೊಂಡಳು, ಒಂದೇ ಒಂದು.

ಎಲ್ಸ್ ಸೈಕಲ್ಲಿನ ಬೀಗ ತೆಗೆಯುತ್ತಲೇ ಶೈಲಾಳಿಗೆ ತೀರ್ಪು ಕೊಟ್ಟರು. "ನಿಮ್ಮ ಅಧ್ಯಾಯ ಈಗ ಇರುವ ಹಾಗೆ ದುರ್ಬಲವಾಗಿದೆ."

ಶೈಲಾ ಚೀಲ ಎದೆಗವಚಿಕೊಂಡಳು.

"ಆದರೆ ಅದನ್ನು ಬಿಸಾಡಬೇಡಿ. ಒರಟುತನ ಇದೆಯೋ ಇಲ್ಲವೋ ಎಂದು ಕೇಳುವುದು ಬಿಟ್ಟು, ಅದನ್ನು ಯಾವ ಜಾಗದಲ್ಲಿ ಹೇಳಲು ಸಾಧ್ಯ ಎಂದು ಬರೆಯಿರಿ. ಹೊಸದಾಗಿ ಕೇಳಿ ಬರುವುದು ಬೇಕಿಲ್ಲ, ಕೇಳಿದ್ದನ್ನೇ ಪ್ರಾಮಾಣಿಕವಾಗಿ ಬರೆದರೆ ಸಾಕು. ನಿಮ್ಮ ಗೈಡಿಗೆ ಹಾಗೆಂದು ಇವತ್ತೇ ಬರೆಯುತ್ತೇನೆ. ಗೊತ್ತಿಲ್ಲ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ನೀವು ಹೇಳಿದಿರಿ." ಸೈಕಲ್ ಏರಿದವರು ತಿರುಗಿ ನನ್ನನ್ನು ನೋಡಿ, "ನೀವು ಇನ್ನು ಮೇಲೆ ಬಾಗಿಲು ತಟ್ಟಿದ ಮೇಲೆ ಹೊರಗೇ ಕಾಯಿರಿ" ಎಂದು ಹೇಳಿಯೇ ಹೋದರು.

ಮತ್ತೆ ಪುಣೆ

ಮರಳಿ ಬಂದ ಮೇಲೆ ಶೈಲಾ ಆ ಅಧ್ಯಾಯವನ್ನು ತಿದ್ದಿ ಬರೆದಳು. ಎಲ್ಸ್ ಅವರ ಇ-ಮೇಲು ಗೈಡಿಗೆ ತಲುಪಿತ್ತು, ಆದರೆ ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬನ್ನಿ, ನೋಡೋಣ ಎಂದರು. ಗಡುವು ತೀರಾ ಹತ್ತಿರ ಬಂದಿತ್ತು. ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಎಲ್ಸ್ ಹೇಳಿಕೊಟ್ಟ ಪ್ರಕಾರ ನಾನು ಹೊರಗೆ ಮೊಗಸಾಲೆಯಲ್ಲೇ ನಿಂತೆ. ಅರೆತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು.

ಗೈಡಿನ ಮುಂದೆ ಇಬ್ಬರು ಕೂತು ಮಾತಾಡುತ್ತಿದ್ದರು. ಮೂರನೇ ಕುರ್ಚಿಯ ಮೇಲೆ ಫೈಲುಗಳು. ಗೈಡ್ ತಲೆ ಎತ್ತಿ ಅವಳನ್ನು ನೋಡಿ, ಮತ್ತೆ ಅವರ ಜೊತೆ ಮಾತಿಗಿಳಿದರು. ಶೈಲಾ ಬಾಗಿಲ ಪಕ್ಕದಲ್ಲಿ, ತನ್ನ ಯಾವತ್ತಿನ ಜಾಗದಲ್ಲಿ ನಿಂತಳು. ನನಗೆ ಒಳನುಗ್ಗಿ ಜಗಳ ತೆಗೆಯುವಷ್ಟು ಸಿಟ್ಟು ಬಂತು. ಕಾಲು ಮುಂದಿಟ್ಟೆ ಕೂಡ.

ಅಷ್ಟರಲ್ಲಿ ಶೈಲಾ ಆ ಕುರ್ಚಿಯ ಬಳಿ ಹೋದಳು. ಫೈಲುಗಳನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನ ಮೇಲಿಟ್ಟಳು. ಕುರ್ಚಿ ಎಳೆದಳು. ಕೂತಳು. ಒಳಗೆ ಮಾತು ನಿಂತಿತು.

"ತುಮಚಂ ಚಾಲೂ ದ್ಯಾ ಸರ್. ಮೀ ಥಾಂಬತೆ" ಎಂದಳು ಮರಾಠಿಯಲ್ಲಿ. ಹಾಲೆಂಡಿನಲ್ಲಿ ನಾನು ಆಡಿದ್ದೂ ಇದೇ ಮಾತು: ನಿಮ್ಮದು ನಡೆಯಲಿ, ನಾನು ಕಾಯುತ್ತೇನೆ.

ಗೈಡ್ ಅವಳನ್ನೇ ನೋಡುತ್ತ ಕೂತರು. ಪಕ್ಕದಲ್ಲಿದ್ದವರೊಬ್ಬರು ತಮ್ಮ ಕುರ್ಚಿಯನ್ನು ಚೂರು ಸರಿಸಿ ಅವಳಿಗೆ ಜಾಗ ಮಾಡಿದರು. ಕೊನೆಗೆ ಗೈಡ್ ಕೈ ಚಾಚಿದರು. ಅಧ್ಯಾಯದ ಹಾಳೆಗಳನ್ನು ಅಲ್ಲೇ ತಿರುವಿದರು. ಕುರ್ಚಿಯ ಭಾಗ ಬರೆದ ಪುಟದಲ್ಲಿ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಪೆನ್ನು ತೆಗೆದು ಸಹಿ ಮಾಡಿದರು.

ಸಹಿ ಆದ ಮೇಲೆ ಅವಳು ಓಡಿ ಬರುತ್ತಾಳೆ ಎಂದು ನಾನು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದಿದ್ದೆ. ಬರಲಿಲ್ಲ. ಕೂತೇ ಇದ್ದಳು. ಉಳಿದ ಇಬ್ಬರ ಮಾತು ಮುಗಿಯುವ ತನಕ ಕೂತಳು. ಚಹಾ ಬಂತು, ನಾಲ್ಕು ಕಪ್ಪು. ತನ್ನ ಕಪ್ಪು ತೆಗೆದುಕೊಂಡು, ಒಂದಿಷ್ಟೂ ಅವಸರ ಮಾಡದೆ, ಪೂರ್ತಿ ಕುಡಿದು ಎದ್ದಳು.

"ಚಹಾ ಹೆಂಗಿತ್ತು?" ಎಂದೆ ಸ್ಕೂಟರ್ ಶುರು ಮಾಡುತ್ತ.

"ಸಕ್ಕರಿ ಭಾಳ ಇತ್ತುರಿ. ಇಷ್ಟು ವರ್ಷದಾಗ ಇವತ್ತ ಗೊತ್ತಾತು" ಎಂದಳು.